ಹೆಡ್ ಇಳಿಸಿದ ಮೇಲೆ

ಹಳೆಯ ಮ್ಯಾಸ್ಸಿ ಟ್ರ್ಯಾಕ್ಟರನ್ನು ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿ, ಒಳಗೆ ಇಣುಕಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಊರಿನ ಯಾವ ಮೇಸ್ತ್ರಿಯಾದರೂ ಕೊಡುವ ತೀರ್ಪು ಒಂದೇ: ‘ಹೆಡ್ ಪ್ಯಾಕಿಂಗ್ ಹೋಗಿದೆ.’ ತೀರ್ಪು ಸುಳ್ಳಲ್ಲ. ಆದರೆ ಪ್ಯಾಕಿಂಗ್ ತಾನಾಗಿಯೇ ಹೋಗುವುದು ಅಪರೂಪ. ಬಹಳ ಸಲ ಅದನ್ನು ಯಾರಾದರೂ ಕಳಿಸಿರುತ್ತಾರೆ. ಕೊಳವೆ ಬಾವಿಯ ಗಡಸು ನೀರು ಕಳಿಸಿರಬಹುದು, ಬಾಗಿದ ಹೆಡ್ ಕಳಿಸಿರಬಹುದು, ಹೋದ ವರ್ಷ ರೋಹಿಣಿ ಮಳೆಯ ಅವಸರದಲ್ಲಿ ನಟ್ಟುಗಳನ್ನು ಕೈಗೆ ಬಂದಂತೆ ಬಿಗಿದವನು ಕಳಿಸಿರಬಹುದು. ಕಳಿಸಿದವರನ್ನು ಹಿಡಿಯದೆ ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಒಂದು ಬೆಳೆ ಮುಗಿಯುವುದರೊಳಗೆ ಹಿಂದಿನದರ ದಾರಿ ಹಿಡಿಯುತ್ತದೆ. ಹೆಡ್ ರಿಪೇರಿ ಎಂದರೆ ಹಳತು ತೆಗೆದು ಹೊಸತು ಹಾಕುವ ಕೆಲಸ ಎಂದು ತಿಳಿದವರೇ ಹೆಚ್ಚು. ಅದರಲ್ಲಿ ಮುಕ್ಕಾಲು ಪಾಲು ಅಳೆಯುವ ಕೆಲಸ.

ಅಳತೆಯ ಮಾತು ಬಂದ ಮೇಲೆ ಯಾವ ಎಂಜಿನ್ ಎಂದು ಹೇಳಿಬಿಡಬೇಕು. ಇಲ್ಲಿ ಮೇಜಿನ ಮೇಲಿರುವುದು ಪರ್ಕಿನ್ಸ್ 3.152. ಹೆಸರಿನಲ್ಲೇ ಅದರ ಜಾತಕವಿದೆ: 3 ಸಿಲಿಂಡರ್, 152 ಘನ ಇಂಚು, ಎಂದರೆ ಎರಡೂವರೆ ಲೀಟರ್. ಬೋರ್ 91.4 ಮಿ.ಮೀ., ಸ್ಟ್ರೋಕ್ 127 ಮಿ.ಮೀ. ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಕಂಪನಿ ತೆರೆದಾಗ ಡೀಸೆಲ್ ಎಂಜಿನ್ ಎಂದರೆ ಭಾರದ, ನಿಧಾನಕ್ಕೆ ತಿರುಗುವ ಯಂತ್ರವೆಂದೇ ಲೆಕ್ಕ. ಹಗುರಾದ, ವೇಗವಾಗಿ ತಿರುಗುವ ಡೀಸೆಲ್ ಮಾಡಬೇಕೆಂಬುದು ಅವರ ಹಟವಾಗಿತ್ತು. ಅತ್ತ ಹ್ಯಾರಿ ಫರ್ಗ್ಯುಸನ್ನರ ಟ್ರ್ಯಾಕ್ಟರ್ ಕಂಪನಿ 1953ರಲ್ಲಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿಕೊಂಡಿತು. ಆ ಕೂಡಿಕೆಯಿಂದ ಬಂದ 35 ಮಾಡೆಲ್ಲಿಗೆ ಮೊದಮೊದಲು ಹಾಕುತ್ತಿದ್ದುದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಚಳಿಯಲ್ಲಿ ಚಾಲೂ ಆಗಲು ಸತಾಯಿಸುತ್ತದೆ ಎಂಬ ಅಪವಾದ ಅದಕ್ಕೆ ಅಂಟಿಕೊಂಡಿತು. 1959ರಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಪರ್ಕಿನ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ 35ರ ಬಾನೆಟ್ ಕೆಳಗೆ ಮೂರು ಸಿಲಿಂಡರಿನ ಪರ್ಕಿನ್ಸ್ ಬಂದು ಕೂತಿತು. 1964ರ ಕೊನೆಗೆ ಬಂದ 135ರಲ್ಲೂ ಇದೇ ವಂಶದ ಎಂಜಿನ್.

ನಮ್ಮ ಕಡೆ ಈ ವಂಶ ಬೇರು ಬಿಟ್ಟಿದ್ದು ಚೆನ್ನೈ ಮೂಲಕ. ಅಲ್ಲಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ವಿನ್ಯಾಸದ ಎಂಜಿನ್‌ಗಳನ್ನು ಇಲ್ಲೇ ಎರಕ ಹೊಯ್ದು ತಯಾರಿಸಿತು. ಅದೇ ಬಳಗದಲ್ಲಿ 1960ರಲ್ಲಿ ಹುಟ್ಟಿದ ಟಾಫೆ ಮ್ಯಾಸ್ಸಿ ಟ್ರ್ಯಾಕ್ಟರುಗಳನ್ನು ಕಟ್ಟಿತು. ಟಾಫೆಗೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಕಾರ್ಖಾನೆಯಿದೆ. ಹೀಗಾಗಿ ತುಮಕೂರಿನ ಶೇಂಗಾ ಹೊಲದಲ್ಲಿ ದೂಳೆಬ್ಬಿಸುವ ಹಳೆಯ 1035ರ ಹೆಡ್ ಬಿಚ್ಚಿದರೂ ಪೀಟರ್‌ಬರೋದ ಮುಖಚಹರೆ ಕಾಣುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ, ಆದ್ದರಿಂದ ನಿಮ್ಮ ಎಂಜಿನ್ನಿನ ಪುಸ್ತಕ ಹೇಳುವ ಅಂಕಿಯೇ ನಿಮಗೆ ಪ್ರಮಾಣ. ಆದರೆ ಹೆಡ್ಡಿನ ಸ್ವಭಾವ ಎಲ್ಲದರಲ್ಲೂ ಒಂದೇ.

ಆ ಸ್ವಭಾವ ಏನು? ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವವರು ಯಾರೂ ಇಲ್ಲ. ಒಳಗೆಳೆದ ಗಾಳಿಯನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿಗೆ ಹಿಂಡಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿಗೆ ನಾಝಲ್ ಚಿಮ್ಮಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಹಿಂಡಿದ ಗಾಳಿ ಚೂರು ಸೋರಿದರೂ ಕಾವು ಸಾಲದು. ಹೊತ್ತಿಕೊಂಡ ಕ್ಷಣದ ಒತ್ತಡ 70 ಬಾರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ: 91.4 ಮಿ.ಮೀ. ಬೋರಿನ ಮೇಲೆ ಅದು ನಾಲ್ಕೂವರೆ ಟನ್ನಿಗೂ ಮಿಕ್ಕ ತಳ್ಳು. 2000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿನಲ್ಲೂ ನಿಮಿಷಕ್ಕೆ ಸಾವಿರ ಸಲ ಆ ತಳ್ಳು ಹೆಡ್ಡನ್ನು ಮೇಲಕ್ಕೆಬ್ಬಿಸಲು ನೋಡುತ್ತದೆ. ಪ್ರತಿ ವಾಲ್ವ್ ಕೂಡ ಅಷ್ಟೇ ಸಲ ತೆರೆದು ಮುಚ್ಚುತ್ತದೆ. ಎಂಟು ಗಂಟೆಯ ಉಳುಮೆಗೆ 4 ಲಕ್ಷ 80 ಸಾವಿರ ಸಲ. ಈ ತಳ್ಳಿಗೂ ಹೊರಗಿನ ಗಾಳಿಗೂ ನಡುವೆ, ಪಕ್ಕದಲ್ಲೇ ಹರಿಯುವ ನೀರಿಗೂ ಎಣ್ಣೆಗೂ ನಡುವೆ ಇರುವುದು ತೆಳ್ಳನೆಯ ಆ ಪ್ಯಾಕಿಂಗ್ ಒಂದೇ.

ಕಾಯಿಲೆಯ ಗುರುತುಗಳನ್ನು ಓದಲು ಬಂದರೆ ಹೆಡ್ ಬಿಚ್ಚುವ ಮೊದಲೇ ಅರ್ಧ ಕತೆ ಗೊತ್ತಾಗುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಸುಟ್ಟ ಅನಿಲ ನೀರಿನ ಹಾದಿಗೆ ನುಗ್ಗಿದೆ. ಎಣ್ಣೆ ಕಡ್ಡಿ ಎಳೆದಾಗ ಆಯಿಲ್ ಬೆಳ್ಳಗೆ ನೊರೆಗಟ್ಟಿದ್ದರೆ ನೀರು ಕೆಳಗಿಳಿದಿದೆ. ಆಮೇಲೆ ಒಂದು ಗಳಿಗೆಯೂ ಓಡಿಸಕೂಡದು, ಬೇರಿಂಗ್‌ಗಳು ಹೋಗುತ್ತವೆ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದು ಆಮೇಲೆ ಕಡಿಮೆಯಾದರೆ ವಾಲ್ವ್ ಗೈಡ್ ಸವೆದು ರಾತ್ರಿಯೆಲ್ಲ ಎಣ್ಣೆ ಒಳಗೆ ಜಿನುಗಿರಬಹುದು. ಮೂರರಲ್ಲಿ ಯಾವ ಸಿಲಿಂಡರ್ ಸೋಮಾರಿ ಎಂದು ತಿಳಿಯಲು ನಾಝಲ್‌ಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಮೂರು ಸಿಲಿಂಡರಿನಲ್ಲಿ ಪ್ರತಿ 240 ಡಿಗ್ರಿಗೊಂದು ಹೊಡೆತ. ಒಂದು ತಪ್ಪಿದರೆ ಕುಂಟು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ.

ಬಿಚ್ಚುವ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಬಾನೆಟ್, ಎಂಜಿನ್ನಿನ ಮೇಲೇ ಕೂತ ಡೀಸೆಲ್ ಟ್ಯಾಂಕು, ಮ್ಯಾನಿಫೋಲ್ಡ್, ನಾಝಲ್, ರಾಕರ್ ಹೀಗೆ ಕಳಚುತ್ತ ಹೋಗುವುದು. ಎರಡು ಮಾತು ನೆನಪಿರಲಿ. ಪುಶ್‌ರಾಡ್‌ಗಳನ್ನು ನೇರ ಮೇಲಕ್ಕೆ ಕೀಳದೆ ಕೊಂಚ ತಿರುಗಿಸಿ ಎತ್ತಬೇಕು, ಇಲ್ಲದಿದ್ದರೆ ಎಣ್ಣೆಯ ಅಂಟಿಗೆ ಕೆಳಗಿನ ಟ್ಯಾಪೆಟ್ಟೂ ಜೊತೆಗೆ ಎದ್ದು ಬರುತ್ತದೆ. ತೆಗೆದ ಆರನ್ನೂ ರಟ್ಟಿನಲ್ಲಿ ತೂತು ಕೊರೆದು ಬಂದ ಕ್ರಮದಲ್ಲೇ ಸಿಕ್ಕಿಸಿಡಬೇಕು. ಜೊತೆಯಾಗಿ ಸವೆದವುಗಳನ್ನು ಅಗಲಿಸಬಾರದು. ಇನ್ನು ಎಷ್ಟೋ ವರ್ಷದಿಂದ ಕೂತ ಹೆಡ್, ಸ್ಟಡ್ಡುಗಳಿಗೆ ತುಕ್ಕು ಹಿಡಿದು, ಅಲುಗಾಡುವುದಿಲ್ಲ. ಆಗ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಎಬ್ಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಒಂದು ಗೀರು ಮುಂದೆ ಅನಿಲಕ್ಕೆ ರಾಜಮಾರ್ಗ. ನಾಝಲ್ ಬಿಚ್ಚುವ ಮೊದಲೇ ನಟ್ಟುಗಳನ್ನೆಲ್ಲ ಸಡಿಲಿಸಿ ಸೆಲ್ಫ್ ಹೊಡೆಯುವ ಹಳೆಯ ಉಪಾಯವೊಂದಿದೆ: ಎಂಜಿನ್ನಿನ ಒತ್ತಡವೇ ತನ್ನ ಹೆಡ್ಡನ್ನು ಎಬ್ಬಿಸಿಕೊಡುತ್ತದೆ. ಎರಕದ ಕಬ್ಬಿಣದ ತುಂಡು ಅದು, ಇಳಿಸಲು ಇಬ್ಬರು ಬೇಕು.

ಇಳಿಸಿ ಬೋರಲು ಹಾಕಿದಾಗ ಮೊದಲು ನೋಡಬೇಕಾದ್ದು ವಾಲ್ವ್‌ಗಳನ್ನಲ್ಲ, ನೀರಿನ ತೂತುಗಳನ್ನು. ಶಿರಾ ಕಡೆಯ ಒಂದು ಗ್ಯಾರೇಜಿನಲ್ಲಿ ಹೀಗೆ ಇಳಿಸಿದ ಹೆಡ್ಡಿನ ಮೂಲೆಯ ತೂತಿಗೆ ಮೇಸ್ತ್ರಿ ಕಬ್ಬಿಣದ ತಂತಿ ಹಾಕಿ ಕೆದಕಿದ. ತಂತಿ ಅರ್ಧ ಬೆರಳು ಇಳಿದು ನಿಂತಿತು. ಸುತ್ತ ಬಿಳಿಗೆಂಪು ಬಣ್ಣದ ಗಟ್ಟಿ ಪದರ, ಬಚ್ಚಲ ಹಂಡೆಯ ಒಳಗೆ ಕಟ್ಟುತ್ತದಲ್ಲ ಥೇಟ್ ಅದೇ. ಉಗುರಿನಲ್ಲಿ ಕೆರೆದರೆ ಜಗ್ಗದು, ಉಳಿಯಿಂದ ತಟ್ಟಿದರೆ ಮೊಟ್ಟೆ ಸಿಪ್ಪೆಯಷ್ಟು ದಪ್ಪದ ಚಕ್ಕೆಗಳಾಗಿ ಉದುರಿತು.

‘ಗೌಡ್ರೇ, ಇದಕ್ಕೆ ಯಾವ ನೀರು ಹಾಕ್ತೀರಿ?’

‘ಬೋರ್‌ವೆಲ್ದೇ ಕಣಪ್ಪ. ಇನ್ನೆಲ್ಲಿಂದ ತರ್ಲಿ?’

‘ನೀವು ಕುಡಿಯೋಕೆ?’

‘ಅದು ಫಿಲ್ಟರ್ ನೀರು, ಕ್ಯಾನಲ್ಲಿ ತರ್ತೀವಿ.’

‘ಹಂಗಾದ್ರೆ ಇದಕ್ಕೂ ಅದನ್ನೇ ಕುಡಿಸಿ.’

ಗೌಡರು ನಕ್ಕರು. ಆದರೆ ಮೇಸ್ತ್ರಿ ಹೇಳಿದ್ದು ತಮಾಷೆಗಲ್ಲ. ಬಯಲುಸೀಮೆಯ ಆಳದ ಕೊಳವೆ ಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ನೀರು ಕಾದಂತೆ ಅವು ಕರಗಿ ಉಳಿಯಲಾರದೆ ಎಲ್ಲಕ್ಕಿಂತ ಬಿಸಿಯಾದ ಗೋಡೆಗೆ ಹೋಗಿ ಅಂಟುತ್ತವೆ. ಹೆಡ್ಡಿನಲ್ಲಿ ಆ ಗೋಡೆ ಇರುವುದು ಎಕ್ಸಾಸ್ಟ್ ವಾಲ್ವ್ ಸೀಟಿನ ಬೆನ್ನಿಗೆ. ಸುಣ್ಣದ ಪದರದ ಮೂಲಕ ಶಾಖ ಹರಿಯುವುದು ಕಬ್ಬಿಣಕ್ಕೆ ಹೋಲಿಸಿದರೆ ತೀರಾ ನಿಧಾನ. ಹೊರಗೆ ಮೀಟರಿನ ಮುಳ್ಳು ಹಸಿರಿನಲ್ಲೇ ಇರುತ್ತದೆ, ಒಳಗೆ ಆ ಒಂದು ಜಾಗ ಮಾತ್ರ ಸುಡುತ್ತಿರುತ್ತದೆ. ಒಂದೆಡೆ ಹೆಚ್ಚು ಹಿಗ್ಗಿ ಇನ್ನೊಂದೆಡೆ ಕಡಿಮೆ ಹಿಗ್ಗಿದ ಕಬ್ಬಿಣ ಬಾಗದೆ ಇನ್ನೇನು ಮಾಡೀತು? ಪ್ಯಾಕಿಂಗ್ ‘ಹೋಗುವುದು’ ಇದಾದ ಮೇಲೆ.

ಆದ್ದರಿಂದ ಹೆಡ್ಡಿನ ಬದಿಯಲ್ಲಿ ಬಡಿದಿರುವ ತಗಡಿನ ಡಮ್ಮಿಗಳನ್ನೂ ತೆಗೆಸಬೇಕು. ಎರಕ ಹೊಯ್ದಾಗ ಒಳಗೆ ಉಳಿಯುವ ಅಚ್ಚಿನ ಮರಳನ್ನು ತೆಗೆಯಲು ಬಿಟ್ಟ ತೂತುಗಳು ಅವು. ಸುಣ್ಣ ಕೆರೆಯಲೂ ಅದೇ ಬಾಗಿಲು. ಡಮ್ಮಿಯ ಒಳಮುಖ ತುಕ್ಕಿನಿಂದ ಎಷ್ಟು ತೆಳ್ಳಗಾಗಿರುತ್ತದೆಂದರೆ ಹೊರಗಿನ ಬಣ್ಣವೇ ನೀರನ್ನು ತಡೆದಿತ್ತೇನೋ ಅನ್ನಿಸಬೇಕು. ಇನ್ನು ಮುಂದೆ ಬರೀ ಫಿಲ್ಟರ್ ನೀರು ಹಾಕಿದರೂ ಸಾಲದು, ಲವಣವಿಲ್ಲದ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದರ ಜೊತೆ ಕೂಲೆಂಟ್ ಬೆರೆಸಬೇಕು. ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು ಹಾಕುವ ಕೂಲೆಂಟ್ ನಮ್ಮಲ್ಲೇಕೆ ಎಂದು ಕೇಳುವವರಿದ್ದಾರೆ. ನಮಗೆ ಬೇಕಾದ್ದು ಅದರ ಇನ್ನೊಂದು ಗುಣ, ತುಕ್ಕು ತಡೆಯುವುದು.

ಸುಣ್ಣ ಹೋಗಿ, ಮಸಿ ಹೋಗಿ, ಹೆಡ್ ಬೆಳ್ಳಗಾದ ಮೇಲೆ ಅಳತೆ. ಹಳೆಯ ಪ್ಯಾಕಿಂಗ್ ಕೆರೆಯುವಾಗ ಮಾತ್ರ ಎಚ್ಚರ: ಆ ಕಾಲದ ಪ್ಯಾಕಿಂಗ್‌ಗಳಲ್ಲಿ ತಾಮ್ರದ ಹಾಳೆಗಳ ನಡುವೆ ಕಲ್ನಾರು ಇರುತ್ತಿತ್ತು. ಅದರ ದೂಳು ಶ್ವಾಸಕೋಶಕ್ಕೆ ಕೇಡು. ಒಣಗಿದ್ದನ್ನು ಕೆರೆದು ಊದುವುದು ಬೇಡ, ಒದ್ದೆ ಮಾಡಿ ತೆಗೆಯಬೇಕು.

ಅಳೆಯಲು ಬೇಕಾದ್ದು ಒಳ್ಳೆಯ ಸ್ಟ್ರೇಟ್ ಎಜ್ ಮತ್ತು ಫೀಲರ್ ಗೇಜ್. ಪಟ್ಟಿಯನ್ನು ಹೆಡ್ಡಿನ ಮುಖದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಸಂದಿಯಲ್ಲಿ ಗೇಜಿನ ಎಲೆ ತೂರುತ್ತದೆಯೇ ನೋಡುವುದು. ಉದ್ದಕ್ಕೆ 0.15 ಮಿ.ಮೀ., ಅಡ್ಡಕ್ಕೆ ಅದರರ್ಧ, ಇಷ್ಟರೊಳಗಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಮೀರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್. ಬ್ಲಾಕಿನ ಮುಖಕ್ಕೂ ಇದೇ ಪರೀಕ್ಷೆ. ಲೈನರುಗಳ ತಲೆ ಸುತ್ತಲೂ ಒಂದೇ ಎತ್ತರದಲ್ಲಿದೆಯೇ ಎಂಬುದನ್ನೂ ನೋಡಬೇಕು. ಒಂದು ಲೈನರ್ ಕುಸಿದಿದ್ದರೆ ಮೇಲೆ ಕನ್ನಡಿಯಂಥ ಹೆಡ್ ಇಟ್ಟರೂ ಪ್ಯಾಕಿಂಗ್ ಅಲ್ಲಿ ಸೋರುತ್ತದೆ. ಈ ಬ್ಲಾಕಿನ ಪರೀಕ್ಷೆಯನ್ನು ಬಿಟ್ಟುಬಿಡುವುದೇ ಹೆಚ್ಚು. ಹೆಡ್ಡನ್ನು ಆಟೋದಲ್ಲಿ ಲೇತ್‌ಗೆ ಒಯ್ಯಬಹುದು, ಬ್ಲಾಕ್ ಟ್ರ್ಯಾಕ್ಟರಿನಲ್ಲೇ ಉಳಿಯುತ್ತದೆ ಎನ್ನುವುದು ಬಿಟ್ಟರೆ ಇದಕ್ಕೆ ಬೇರೆ ಕಾರಣ ನನಗೆ ಕಾಣದು.

ಫೇಸಿಂಗಿಗೂ ಮಿತಿಯಿದೆ. ‘ಇನ್ನೊಂದು ಕೈ ಹೊಡಿ, ಚೆನ್ನಾಗಿ ಹೊಳೀಲಿ’ ಎನ್ನುವ ಮಾಲೀಕರೇ ಇಲ್ಲಿ ಶತ್ರುಗಳು. ಹೆಡ್ಡಿನ ಮುಖ ತೆಳುವಾದಷ್ಟೂ ನಾಝಲ್ಲಿನ ಮೂತಿ ಸಿಲಿಂಡರಿನೊಳಕ್ಕೆ ಹೆಚ್ಚು ಚಾಚುತ್ತದೆ. ಆಗ ಎಣ್ಣೆಯ ಸಿಂಪಡಿಕೆ ಬೀಳಬೇಕಾದ ಜಾಗ ತಪ್ಪಿ ಬೇರೆಡೆ ಬೀಳುತ್ತದೆ, ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ಸುಡಲೂಬಹುದು. ವಾಲ್ವ್ ತಲೆಗಳೂ ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಅದಕ್ಕೇ ಪರ್ಕಿನ್ಸ್ ಪುಸ್ತಕ ಎಷ್ಟು ಕೊರೆಯಬಹುದು ಎಂಬುದರ ಜೊತೆಗೆ ನಾಝಲ್ ಎಷ್ಟು ಚಾಚಿರಬಹುದು ಎಂಬುದನ್ನೂ ಹೇಳುತ್ತದೆ. ಹಳೆಯ ಹೆಡ್ಡಿಗೆ ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆಯೋ ಯಾರಿಗೆ ಗೊತ್ತು. ನಾಝಲ್ ಕೂರಿಸಿ ಮೂತಿಯನ್ನು ಅಳೆದರೆ ಹೆಡ್ ತಾನೇ ಲೆಕ್ಕ ಒಪ್ಪಿಸುತ್ತದೆ.

ಈಗ ವಾಲ್ವ್‌ಗಳು. ಇನ್‌ಲೆಟ್ ವಾಲ್ವ್‌ಗೆ ಪ್ರತಿ ಸುತ್ತಿನಲ್ಲೂ ತಂಪು ಗಾಳಿಯ ಸ್ನಾನ. ಎಕ್ಸಾಸ್ಟ್‌ಗೆ ಬೆಂಕಿಯ ಪಾಡು. ಕೆಲಸದ ಹೊತ್ತಿನಲ್ಲಿ ಅದರ ತಲೆ ಮಬ್ಬುಗೆಂಪಾಗುವಷ್ಟು ಕಾಯುತ್ತದೆ. ಆ ಕಾವು ಇಳಿಯಲು ಇರುವ ಮುಖ್ಯ ದಾರಿಯೆಂದರೆ ವಾಲ್ವ್ ಮುಚ್ಚಿಕೊಂಡಾಗ ಅದು ಸೀಟಿಗೆ ತಾಗುವ ಸಣ್ಣ ಉಂಗುರದಂಥ ಪಟ್ಟಿ. ಪಟ್ಟಿ ಒಂದೂವರೆ, ಎರಡು ಮಿಲಿಮೀಟರ್ ಅಗಲ ಇರಬೇಕು. ತೀರಾ ಅಗಲವಾದರೆ ಒತ್ತಡ ಹಂಚಿಹೋಗಿ ಮಸಿ ಸಿಕ್ಕಿಕೊಳ್ಳುತ್ತದೆ, ಬಿಗಿ ಕೂರುವುದಿಲ್ಲ. ತೀರಾ ಕಿರಿದಾದರೆ ಕಾವು ಇಳಿಯದೆ ವಾಲ್ವಿನ ಅಂಚು ಸುಡುತ್ತದೆ. ಸೀಟಿನ ಮುಖ್ಯ ಇಳಿಜಾರನ್ನು 45 ಡಿಗ್ರಿ ಕಟರಿನಲ್ಲಿ ತೆಗೆದು, ಪಟ್ಟಿ ಅಗಲವಾದರೆ ಮೇಲಿನಿಂದ 30 ಡಿಗ್ರಿ, ಕೆಳಗಿನಿಂದ 60 ಡಿಗ್ರಿ ಕಟರ್ ಆಡಿಸಿ ಕಿರಿದು ಮಾಡುವುದು ಲೇತ್ ಅಂಗಡಿಯ ವಾಡಿಕೆ.

ಗೈಡ್ ಸರಿಯಿಲ್ಲದೆ ಸೀಟ್ ಕಟ್ಟಿಂಗ್ ಮಾಡಿಸುವುದು ನೀರಿನಲ್ಲಿ ಹೋಮ. ಕಟರಿನ ಕಾಲು ನಿಲ್ಲುವುದೇ ಗೈಡಿನ ತೂತಿನಲ್ಲಿ. ಗೈಡ್ ಅಂಡಾಕಾರವಾಗಿ ಸವೆದಿದ್ದರೆ ಸೀಟೂ ಓರೆಯಾಗುತ್ತದೆ. ಆದ್ದರಿಂದ ಮೊದಲು ಗೈಡ್, ಆಮೇಲೆ ಸೀಟ್. ಈ ಕ್ರಮ ತಲೆಕೆಳಗಾದ ಹೆಡ್‌ಗಳು ಎಷ್ಟೋ ಇವೆ.

ಇನ್ನೊಂದು ಸೂಕ್ಷ್ಮ. ಪ್ರತಿ ಸಲ ಸೀಟ್ ಕೊರೆದಾಗಲೂ ವಾಲ್ವ್ ಕೂದಲೆಳೆಯಷ್ಟು ಒಳಕ್ಕೆ ಇಳಿಯುತ್ತದೆ. ನಾಲ್ಕಾರು ಸಲ ಕೊರೆಸಿದ ಹೆಡ್ಡಿನಲ್ಲಿ ವಾಲ್ವ್ ತಲೆ ಗುಂಡಿಯಲ್ಲಿ ಕೂತಂತಿರುತ್ತದೆ. ಆ ಗುಂಡಿಯಷ್ಟು ಜಾಗ ಹೆಚ್ಚಾದ್ದರಿಂದ ಗಾಳಿ ಪೂರ್ತಿ ಹಿಂಡುವುದಿಲ್ಲ, ಕಾವು ಏರುವುದಿಲ್ಲ, ಮಾಗಿಯ ಬೆಳಗಿನಲ್ಲಿ ಟ್ರ್ಯಾಕ್ಟರ್ ದಬ್ಬಿಸಿಕೊಂಡೇ ಚಾಲೂ ಆಗುತ್ತದೆ. ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿ ಸಾಲ ಮಾಡಿಕೊಂಡವರ ಎಂಜಿನ್ ಆಮೇಲೂ ಮೊಂಡು ಹಿಡಿದಿದ್ದಕ್ಕೆ ಈ ಗುಂಡಿಯೇ ಕಾರಣವಾಗಿದ್ದುಂಟು. ಮದ್ದು ಇದೆ: ಹಳೆಯ ಸೀಟನ್ನು ಪೂರ್ತಿ ಕೊರೆದು ಗಟ್ಟಿ ಮಿಶ್ರಲೋಹದ ಹೊಸ ಸೀಟ್ ರಿಂಗ್ ಕೂರಿಸುವುದು. ರಿಂಗ್ ತೂತಿಗಿಂತ ತುಸು ದೊಡ್ಡದೇ ಇರುತ್ತದೆ. ಅದನ್ನು ಚೆನ್ನಾಗಿ ತಣಿಸಿ ಕುಗ್ಗಿಸಿ, ಹೆಡ್ಡನ್ನು ಬಿಸಿ ಮಾಡಿ, ಒಂದೇ ಉಸಿರಿಗೆ ಇಳಿಸಬೇಕು. ಕಾವು ಸಮನಾದ ಮೇಲೆ ಅದು ಕಚ್ಚಿ ಕೂರುತ್ತದೆ. ಸುತ್ತಿಗೆ ಕೆಲಸಕ್ಕೆ ಒಗ್ಗಿದವನ ಕೈಯಲ್ಲಿ ರಿಂಗ್ ಓರೆಯಾಗಿ ಇಳಿದರೆ, ಓಡುವ ಎಂಜಿನ್ನಿನಲ್ಲಿ ಒಂದು ದಿನ ಕಳಚಿ ಪಿಸ್ಟನ್ ಮೇಲೆ ಬೀಳುತ್ತದೆ.

ಇಷ್ಟಾದ ಮೇಲೆ ಗ್ಯಾರೇಜಿನ ಎಳೆಯ ಹುಡುಗನ ಪಾಲಿಗೆ ಬರುವ ಕೆಲಸ ವಾಲ್ವ್ ಗ್ರೈಂಡಿಂಗ್. ಕೋಲಿನ ತುದಿಯ ರಬ್ಬರ್ ಬಟ್ಟಲನ್ನು ವಾಲ್ವ್ ತಲೆಗೆ ಅಂಟಿಸಿ, ಸೀಟಿಗೆ ಪೇಸ್ಟ್ ಸವರಿ, ಅಂಗೈಗಳ ನಡುವೆ ಕೋಲನ್ನು ಅತ್ತಿತ್ತ ಉರುಳಿಸುವುದು. ಮೊದಲು ಕರಕರ ಸದ್ದು. ಕಣ ಪುಡಿಯಾದಂತೆ ಸದ್ದು ನುಣುಪಾಗುತ್ತದೆ. ಆಗ ವಾಲ್ವ್ ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಹಾಕಬೇಕು, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಮೊದಲು ದಪ್ಪ ಪೇಸ್ಟ್, ಆಮೇಲೆ ಸಣ್ಣದು. ಒರೆಸಿ ನೋಡಿದಾಗ ಸುತ್ತಲೂ ಎಲ್ಲಿಯೂ ಕಡಿಯದ, ಹೊಳಪಿಲ್ಲದ ಬೂದು ಬಣ್ಣದ ಒಂದು ಪಟ್ಟಿ ಕಂಡರೆ ಮುಗಿಯಿತು. ಪೆನ್ಸಿಲಿನಲ್ಲಿ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದು ಒಂದೇ ಒಂದು ಸಲ ತಿರುಗಿಸಿ ನೋಡುತ್ತಾರೆ. ಎಲ್ಲ ಗೆರೆಯೂ ಅಳಿಸಿದ್ದರೆ ಕೂರುವಿಕೆ ಸರಿ. ಸ್ಪ್ರಿಂಗ್, ಲಾಕ್ ಹಾಕಿದ ಮೇಲೆ ಪೋರ್ಟಿಗೆ ಡೀಸೆಲ್ ಸುರಿದಿಟ್ಟು ಕೆಳಗೆ ಜಿನುಗುತ್ತದೆಯೇ ನೋಡುವುದು ಕೊನೆಯ ಪರೀಕ್ಷೆ. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯದಿದ್ದರೆ ಈ ಶ್ರಮವೆಲ್ಲ ಸಿಲಿಂಡರ್ ಸವೆಸಲು ಪಟ್ಟ ಶ್ರಮವಾಗುತ್ತದೆ.

ಬಿರುಕಿನ ಕತೆ ಬೇರೆ. ಹೆಡ್ಡಿನಲ್ಲಿ ಬಿರುಕು ಬಿಡುವ ಮೆಚ್ಚಿನ ಜಾಗ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಸೀಟುಗಳ ನಡುವಿನ ಕಿರುಸೇತುವೆ. ಒಂದು ಕಡೆ ಬೆಂಕಿ, ಒಂದು ಕಡೆ ತಂಪು ಗಾಳಿ, ಬೆನ್ನಿಗೆ ನೀರು. ಕುದಿಯುವ ಎಂಜಿನ್ನಿಗೆ ಬಿಂದಿಗೆ ತಣ್ಣೀರು ಸುರಿದವರು ಬಿರುಕಿಗೆ ಆಮಂತ್ರಣ ಕೊಟ್ಟ ಹಾಗೆ. ಬಣ್ಣದ ದ್ರವ ಸವರಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಎರಕದ ಕಬ್ಬಿಣವನ್ನು ಸುಮ್ಮನೆ ವೆಲ್ಡ್ ಮಾಡಲಾಗದು; ಇಡೀ ಹೆಡ್ಡನ್ನು ಕಾಯಿಸಿ, ನಿಕಲ್ ಕಡ್ಡಿಯಲ್ಲಿ ಬೆಸೆದು, ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಬಲ್ಲವರು ಕಡಿಮೆ. ಇಲ್ಲಿ ನನ್ನ ಅಭಿಪ್ರಾಯ ನೇರ: ಸೀಟು ದಾಟಿ ನೀರಿನ ಹಾದಿ ಮುಟ್ಟಿದ ಬಿರುಕಾದರೆ ಬೇರೆ ಹೆಡ್ ಹುಡುಕುವುದೇ ಲೇಸು. ಮ್ಯಾಸ್ಸಿಯವರ ಪುಣ್ಯ, ಸಿಗುತ್ತದೆ.

ಎಚ್‌ಎಂಟಿ ಇಟ್ಟುಕೊಂಡವರ ಪಾಡು ಈ ವಿಷಯದಲ್ಲಿ ಅರ್ಧ ಸುಖ, ಅರ್ಧ ದುಃಖ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಝೀಟರ್ ವಿನ್ಯಾಸದ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಸಲು ಆರಂಭಿಸಿತು. ಆ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಪುಟ್ಟ ಹೆಡ್. ಒಬ್ಬನೇ ಎತ್ತಬಹುದು, ಕೆಟ್ಟದ್ದನ್ನಷ್ಟೇ ಇಳಿಸಬಹುದು, ಉದ್ದ ಕಡಿಮೆಯಾದ್ದರಿಂದ ಬಾಗುವುದೂ ಕಡಿಮೆ. ನನ್ನನ್ನು ಕೇಳಿದರೆ ರೈತನಿಗೆ ಹೇಳಿ ಮಾಡಿಸಿದ ವಿನ್ಯಾಸ ಅದು. ಆದರೆ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಬಿಡಿಭಾಗಕ್ಕೆ ಹೊರಗಿನ ತಯಾರಕರೇ ಗತಿ.

ಮತ್ತೆ ಮ್ಯಾಸ್ಸಿಗೆ ಬರೋಣ. ಜೋಡಿಸುವ ಮೊದಲು ರಾಕರ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ವಾಲ್ವ್ ತುದಿಯನ್ನು ಒತ್ತುವ ಜಾಗದಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರ್ ಗೇಜಿನ ಚಪ್ಪಟೆ ಎಲೆ ಆ ಗುಳಿಗೆ ಇಳಿಯದೆ ಅದರ ದಡಗಳ ಮೇಲೆ ಸೇತುವೆ ಕಟ್ಟುತ್ತದೆ. ಮೇಸ್ತ್ರಿ ನಿಯತ್ತಾಗಿ ಹನ್ನೆರಡು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಇಟ್ಟರೂ ನಿಜವಾದ ಸಂದು ಹದಿನೆಂಟೋ ಇಪ್ಪತ್ತೋ ಆಗಿರುತ್ತದೆ. ‘ಎಷ್ಟು ಟ್ಯಾಪೆಟ್ ಸೆಟ್ಟಿಂಗ್ ಮಾಡಿದರೂ ಕಟಕಟ ನಿಲ್ಲಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಇಷ್ಟೇ. ಗುಳಿಯನ್ನು ಗ್ರೈಂಡರಿನಲ್ಲಿ ಹಿತವಾಗಿ ಸಮ ಮಾಡಿಸಬೇಕು, ಇಲ್ಲ ರಾಕರ್ ಬದಲಿಸಬೇಕು.

ಪ್ಯಾಕಿಂಗ್ ಕೊಳ್ಳುವುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ತಾಲ್ಲೂಕಿನ ಬಿಡಿಭಾಗದ ಅಂಗಡಿಯಲ್ಲಾಗಲಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ತೂತಿಗೆ ತೂತು ಕೂಡಬೇಕು. ಪರ್ಕಿನ್ಸ್ ಪ್ಯಾಕಿಂಗಿನ ಮೇಲೆ ‘ಟಾಪ್ ಫ್ರಂಟ್’ ಎಂದು ಅಚ್ಚಾಗಿರುತ್ತದೆ, ಯಾವ ಮಗ್ಗುಲು ಮೇಲೆ, ಯಾವ ತುದಿ ಮುಂದೆ ಎಂಬುದಕ್ಕೆ. ತಿರುಗುಮುರುಗಾಗಿ ಕೂರಿಸಿದರೆ ಎಣ್ಣೆಯ ಅಥವಾ ನೀರಿನ ಹಾದಿ ಮುಚ್ಚಿಹೋದೀತು. ಪ್ಯಾಕಿಂಗಿಗೆ ಸಿಲ್ವರ್ ಪೇಂಟ್ ಬಳಿಯುವುದು ನಮ್ಮಲ್ಲಿ ಗುರುಪರಂಪರೆಯಿಂದ ಬಂದದ್ದು. ಅಂಕುಡೊಂಕಿನ ಹೆಡ್‌ಗಳ ಕಾಲಕ್ಕೆ ಅದೊಂದು ಸಮಾಧಾನವಾಗಿತ್ತೇನೋ. ಮುಖ ಸಮವಾಗಿದ್ದರೆ, ತಯಾರಕರು ಒಣದಾಗಿ ಹಾಕಿ ಎಂದಿದ್ದರೆ, ಒಣದಾಗಿಯೇ ಹಾಕಬೇಕು.

ಬಿಗಿಯುವುದು ಕೊನೆಯ ಕೆಲಸವಾದರೂ ಕೆಡುವುದು ಹೆಚ್ಚಾಗಿ ಇಲ್ಲೇ. 3.152ರ ಹೆಡ್ ನಟ್ಟುಗಳಿಗೆ ಸುಮಾರು 60 ಪೌಂಡ್-ಅಡಿ ಟಾರ್ಕ್. ಒಂದೇ ಸಲಕ್ಕಲ್ಲ; 20, 40, 60 ಎಂದು ಮೂರು ಸುತ್ತು, ನಡುವಿನಿಂದ ಹೊರಟು ಎರಡೂ ತುದಿಗೆ. ತುದಿಯಿಂದ ಶುರು ಮಾಡಿದರೆ ಪ್ಯಾಕಿಂಗ್ ನಡುವೆ ಉಬ್ಬಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ‘ನಂಗೆ ಟಾರ್ಕ್ ಪಾನಾ ಬೇಕಿಲ್ಲ, ಕೈಯೇ ಹೇಳುತ್ತೆ’ ಎನ್ನುವ ಅನುಭವಿಗಳಿದ್ದಾರೆ. ಕೈಗೆ ತಿಳಿಯುವುದು ತಿರುಗಿಸಲು ಎಷ್ಟು ಬಲ ಬೇಕಾಯಿತು ಎಂಬುದಷ್ಟೇ. ಆ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮರೆ (ಥ್ರೆಡ್) ಮತ್ತು ವಾಷರಿನ ಉಜ್ಜಾಟಕ್ಕೇ ಖರ್ಚಾಗುತ್ತದೆ. ಸ್ಟಡ್ಡನ್ನು ಎಳೆದು ಹೆಡ್ಡನ್ನು ಅದುಮುವುದು ಉಳಿದ ಒಂದು ಪಾಲು. ಒಂದು ಸ್ಟಡ್ಡಿನ ಮರೆಯಲ್ಲಿ ತುಕ್ಕು, ಇನ್ನೊಂದರಲ್ಲಿ ಎಣ್ಣೆ ಇದ್ದರೆ ಕೈಗೆ ಎರಡೂ ಒಂದೇ, ಹೆಡ್ಡಿಗೆ ಮಾತ್ರ ಎರಡೂ ಬೇರೆ ಬೇರೆ. ಟಾರ್ಕ್ ಪಾನಾ ಕೂಡ ಈ ಮೋಸಕ್ಕೆ ಬೀಳುತ್ತದೆ. ಆದ್ದರಿಂದ ಪಾನಾ ಎಷ್ಟು ಮುಖ್ಯವೋ, ಬಿಗಿಯುವ ಮೊದಲು ಪ್ರತಿ ಮರೆಯನ್ನೂ ಬ್ರಷ್ಷಿನಲ್ಲಿ ಉಜ್ಜಿ ಎರಡು ತೊಟ್ಟು ಎಣ್ಣೆ ಹಾಕುವುದೂ ಅಷ್ಟೇ ಮುಖ್ಯ.

ಟ್ಯಾಪೆಟ್ಟನ್ನು ತಣ್ಣಗಿರುವಾಗ 0.012 ಇಂಚಿಗೆ ಇಟ್ಟು, ನಾಝಲ್‌ಗಳ ಬುಡಕ್ಕೆ ಹೊಸ ತಾಮ್ರದ ವಾಷರ್ ಹಾಕಿ (ಹಳೆಯ ವಾಷರ್ ಒಳಗೇ ಉಳಿದಿದ್ದರೆ ಅದರ ಮೇಲೆ ಇನ್ನೊಂದು ಕೂತು ಮೂತಿಯ ಲೆಕ್ಕವೆಲ್ಲ ತಪ್ಪುತ್ತದೆ), ಪಂಪಿನಿಂದ ನಾಝಲ್‌ವರೆಗೆ ಏರ್ ತೆಗೆದು ಸೆಲ್ಫ್ ಹೊಡೆದರೆ ಒಂದಿಷ್ಟು ಬಿಳಿ ಹೊಗೆ ಉಗುಳಿ ಎಂಜಿನ್ ಹಿಡಿದುಕೊಳ್ಳುತ್ತದೆ. ‘ಬಿಸಿಲೂರಿಗೆ ಇದ್ಯಾತಕ್ಕೆ’ ಎಂದು ಯಾರೋ ಎಂದೋ ಕಿತ್ತೆಸೆದ ಥರ್ಮೋಸ್ಟಾಟನ್ನು ಇದೇ ಹೊತ್ತಿಗೆ ಮತ್ತೆ ಹಾಕಿಸಿಬಿಡಿ. ಅದಿಲ್ಲದ ಎಂಜಿನ್ ಸದಾ ಅರೆಗಾವಿನಲ್ಲಿ ಓಡಿ ಬೇಗ ಸವೆಯುತ್ತದೆ.

ಕೆಲಸ ಇಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಹೊಸ ಪ್ಯಾಕಿಂಗ್ ಬಿಸಿಗೂ ಒತ್ತಡಕ್ಕೂ ಸಿಕ್ಕಿ ತುಸು ಚಪ್ಪಟೆಯಾಗುತ್ತದೆ. ಬಿಗಿದಿದ್ದ ನಟ್ಟುಗಳು ಅಷ್ಟರಮಟ್ಟಿಗೆ ಸಡಿಲಾಗುತ್ತವೆ. ಅದಕ್ಕೇ ಎಂಜಿನ್ ಚೆನ್ನಾಗಿ ಕಾದ ಮೇಲೆ ಒಮ್ಮೆ, ಇಪ್ಪತ್ತೈದು ಐವತ್ತು ಗಂಟೆ ದುಡಿದ ಮೇಲೆ ಇನ್ನೊಮ್ಮೆ ಅದೇ ಕ್ರಮದಲ್ಲಿ ಬಿಗಿದು, ಟ್ಯಾಪೆಟ್ ಮತ್ತೆ ನೋಡಬೇಕು. ಎರಡನೆಯ ಸಲಕ್ಕೆ ಬರುವವರು ಕಡಿಮೆ. ಭೂಮಿ ಹದವಾಗಿರುತ್ತದೆ, ಬಾಡಿಗೆ ಉಳುಮೆಗೆ ಜನ ಕಾದಿರುತ್ತಾರೆ, ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಬಾನೆಟ್ ಬಿಚ್ಚಲು ಯಾರಿಗೆ ಮನಸ್ಸು ಬಂದೀತು? ಶಿರಾದ ಆ ಮೇಸ್ತ್ರಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾನೆ. ಕೂಲಿಯ ಜೊತೆ ಐನೂರು ರೂಪಾಯಿ ಹೆಚ್ಚಿಗೆ ಇಸಿದುಕೊಂಡು ಚೀಟಿ ಬರೆದುಕೊಡುತ್ತಾನೆ. ಮರುಬಿಗಿತಕ್ಕೆ ಟ್ರ್ಯಾಕ್ಟರ್ ತಂದವರಿಗೆ ಕೆಲಸ ಪುಕ್ಕಟೆ, ಐನೂರು ವಾಪಸ್. ಹೀಗೆ ಮಾಡಲು ಶುರು ಮಾಡಿದ ಮೇಲೆ ಗೌಡರಂಥವರೂ ಹದ ಬಿಟ್ಟು ಬರುತ್ತಿದ್ದಾರಂತೆ.